ಕೈ ಸಣ್ಣದು, ಕೂಗು ದೊಡ್ಡದು

ಘೋಣಸಗಿಯಂಥ ಊರಿನಲ್ಲಿ ಹುಡುಗನ ಕೈಯಲ್ಲಿ ಇಸ್ಪೀಟಿನ ಎಲೆ ಕಂಡರೆ ತಂದೆಗೆ ಮೊದಲು ನೆನಪಾಗುವುದು ಜೂಜು. ಅದು ತಪ್ಪೂ ಅಲ್ಲ. ಆದರೆ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರಣಬ್ ಬರ್ಧನ್, ಶಿಬ್‌ನಾಥ್ ಸರ್ಕಾರ್ ಜೋಡಿ ಭಾರತಕ್ಕೆ ಚಿನ್ನ ತಂದದ್ದು ಇದೇ 52 ಎಲೆಗಳ ಬ್ರಿಜ್ ಆಟದಲ್ಲಿ.

ಬ್ರಿಜ್‌ನಲ್ಲಿ ಎಷ್ಟು ಟ್ರಿಕ್ಕು ಗೆಲ್ಲುತ್ತೇವೆಂದು ಹರಾಜಿನಂತೆ ಮೊದಲೇ ಕೂಗಬೇಕು. ಒಬ್ಬನಿಗೆ ಇಸ್ಪೀಟಿನ ರಾಜ, ರಾಣಿ, ಗುಲಾಮ, ಹತ್ತು ಸೇರಿ 7 ಎಲೆ ಬಂದಿವೆ ಎನ್ನಿ; ಉಳಿದ ಆರೂ ಸಪ್ಪೆ. ಒಂದೇ ಜಾತಿಯ 7 ಅಥವಾ ಹೆಚ್ಚು ಎಲೆ ಬರುವುದು ನೂರು ಕೈಗೆ ಸುಮಾರು ನಾಲ್ಕು ಸಲ. ಅವನು ಎತ್ತಿದ ಬಾಯಿಗೇ ‘ಮೂರು ಇಸ್ಪೀಟು’ ಎನ್ನುತ್ತಾನೆ. ಅಂದರೆ 9 ಟ್ರಿಕ್ಕು, ಕೈಯಲ್ಲಿರುವುದು 6! ಮೋಸವೇ? ಅಲ್ಲ. ಈ ಕೂಗಿನ ಅರ್ಥವನ್ನು ಎದುರಾಳಿ ಕೇಳಿದರೆ ಜೊತೆಗಾರ ಹೇಳಲೇಬೇಕು. ಕಸಿಯುವುದು ಅವರು ಕೂಗಿನಲ್ಲಿ ಮಾತಾಡಿಕೊಳ್ಳುವ ಜಾಗವನ್ನು ಮಾತ್ರ.

ಲೆಕ್ಕ ನೋಡಿ. ಎದುರಾಳಿ ‘ಡಬಲ್’ ಎಂದು ಮೂರು ಟ್ರಿಕ್ಕು ಕೆಡವಿದರೆ ದಂಡ 500. ಅವರೇ ನಾಲ್ಕು ಆಟೀನ್ ಕೂಗಿ ಗೆದ್ದಿದ್ದರೆ, ‘ವಲ್ನರಬಲ್’ ಸರದಿಯಲ್ಲಿ, 620. ಅಂದರೆ ಸೋತೂ ಲಾಭ. ವಲ್ನರಬಲ್ ಎಂದರೆ ಬಹುಮಾನ, ದಂಡ ಎರಡೂ ಹೆಚ್ಚಿರುವ ಸರದಿ. ಅದು ಕೂಗಿದವನದೇ ಆದರೆ ದಂಡ 800, ನಷ್ಟದ ವ್ಯಾಪಾರ.

ಉಳಿದ ಆರರಲ್ಲಿ ನಾಲ್ಕು ಆಟೀನ್ ಇದ್ದರೆ? ಇಲ್ಲೇ ಹುಡುಗರು ಎಡವುವುದು. ಜೊತೆಗಾರನ ಬಳಿ ಐದು ಆಟೀನ್ ಇರಬಹುದು. ಮುಚ್ಚಿದ ಬಾಗಿಲು ಅವನಿಗೂ ಮುಚ್ಚಿತು. ಹೊರಗಿನ ಎರಡು ಎಕ್ಕವಿದ್ದರೂ ತಾಳುವುದು ಲೇಸು. ಆದರೆ ಜೊತೆಗಾರ, ಬಲಗಡೆಯವ ಇಬ್ಬರೂ ಆಗಲೇ ‘ಪಾಸ್’ ಎಂದಿದ್ದರೆ ಧೈರ್ಯವಾಗಿ ಕೂಗಬಹುದು. ಬಲವೆಲ್ಲ ಎಡಗಡೆಯವನ ಕೈಯಲ್ಲೇ ಇರುವ ಸಂಭವ ಹೆಚ್ಚು.