ಕೆಡಹುವವನ ಕಾಯಕ

ಬೇಸಿಗೆಯ ರಜೆಯಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಬಿಸಿಲು ಮಕ್ಕಳನ್ನು ಹನ್ನೊಂದು ಗಂಟೆಗೇ ಮನೆಯೊಳಗೆ ಕೂಡಿಹಾಕುತ್ತದೆ. ಆಗ ಅವರ ಪಾಲಿಗೆ ಉಳಿಯುವುದು ಟಿ.ವಿ., ಇಲ್ಲವೆ ಮೊಬೈಲು. ಇವೆರಡನ್ನೂ ಬೈಯುವುದು ಹಿರಿಯರಾದ ನಮಗೆ ರೂಢಿಯಾಗಿಬಿಟ್ಟಿದೆ. ಮಕ್ಕಳೊಡನೆ ಕುಳಿತು ಅವರು ನೋಡುವುದನ್ನು ಕೊನೆಯವರೆಗೆ ನೋಡುವುದು ಮಾತ್ರ ಅಪರೂಪ. ಹಾಗೆ ಕುಳಿತು ನೋಡಿದ ಒಂದು ಚಿತ್ರದ ವಿಚಾರವನ್ನು ಶರಣ ಬಂಧುಗಳ ಮುಂದಿಡಬೇಕೆಂದು ನಮಗೆ ಅನಿಸಿದೆ.

ಅಮೆರಿಕದ ಡಿಸ್ನಿ ಸಂಸ್ಥೆ 2012ರಲ್ಲಿ ಹೊರತಂದ ಆ ಅನಿಮೇಷನ್ ಚಿತ್ರದ ಹೆಸರು 'ರೆಕ್-ಇಟ್ ರಾಲ್ಫ್'. ನಿರ್ದೇಶಕರು ರಿಚ್ ಮೂರ್. ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಯಂತ್ರಗಳ ಅಂಗಡಿಯೇ ಅದರ ಲೋಕ. 1980ರ 'ಪ್ಯಾಕ್-ಮ್ಯಾನ್', 1981ರ 'ಡಾಂಕಿ ಕಾಂಗ್' ಮುಂತಾದವು ಜಗತ್ತಿನಾದ್ಯಂತ ಹೆಸರಾದ ಇಂಥ ಆಟಗಳು. ನಮ್ಮ ಸೀಮೆಯವರಿಗೆ ಆ ಯಂತ್ರಗಳಿಗಿಂತ, 1990ರ ದಶಕದಲ್ಲಿ ಅಂಗೈಯಲ್ಲಿ ಹಿಡಿದು ಇಟ್ಟಿಗೆ ಜೋಡಿಸುತ್ತಿದ್ದ ಪುಟ್ಟ ಆಟಿಕೆಯೇ ಹೆಚ್ಚು ಪರಿಚಿತವಾಗಿತ್ತು. ಡಾಂಕಿ ಕಾಂಗ್‌ನಲ್ಲಿ ಮೇಲೆ ನಿಂತ ಗೊರಿಲ್ಲ ಪೀಪಾಯಿಗಳನ್ನು ಉರುಳಿಸುತ್ತದೆ, ಕೆಳಗಿನಿಂದ ನಾಯಕನು ಹತ್ತಿಬರುತ್ತಾನೆ. ಚಿತ್ರದವರು ಅದೇ ಬಗೆಯ ಒಂದು ಆಟವನ್ನು ಕಲ್ಪಿಸಿಕೊಂಡಿದ್ದಾರೆ: ರಾಲ್ಫ್ ಎಂಬ ದೈತ್ಯನು ಕಟ್ಟಡವನ್ನು ಒಡೆಯುತ್ತಾನೆ, ಫೆಲಿಕ್ಸ್ ಎಂಬವನು ಚಿನ್ನದ ಸುತ್ತಿಗೆಯಿಂದ ರಿಪೇರಿ ಮಾಡುತ್ತಾನೆ.

ಸೊಗಸಿರುವುದು ಮುಂದಿನ ಕಲ್ಪನೆಯಲ್ಲಿ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಆಟದೊಳಗಿನ ಜೀವಗಳು ವೇಷ ಕಳಚಿಟ್ಟು ತಮ್ಮ ಬಾಳು ಬಾಳುತ್ತವೆ. ಬಯಲಾಟ ಮುಗಿದ ಮೇಲೆ ರಾಕ್ಷಸ ವೇಷದವನೂ ಚಹಾ ಕುಡಿಯುವುದಿಲ್ಲವೆ, ಹಾಗೆ. ಫೆಲಿಕ್ಸನಿಗೆ ಪದಕ, ಸಿಹಿತಿಂಡಿ, ಮನೆಮನೆಯ ಆದರ. ರಾಲ್ಫನಿಗೆ ಒಡೆದ ಇಟ್ಟಿಗೆಯ ತಿಪ್ಪೆಯೇ ಹಾಸಿಗೆ. ಆಟಕ್ಕೆ ಮೂವತ್ತು ವರ್ಷ ತುಂಬಿದ ಔತಣಕ್ಕೂ ಅವನಿಗೆ ಕರೆಯಿಲ್ಲ. ನೊಂದ ರಾಲ್ಫ್ ತಾನೂ ಪದಕ ಗಳಿಸಬೇಕೆಂದು ಬೇರೆ ಆಟಕ್ಕೆ ನುಸುಳುತ್ತಾನೆ. ಕೆಡಹುವವನಿಲ್ಲದೆ ಕಟ್ಟುವವನಿಗೆ ಕೆಲಸವೆಲ್ಲಿಯದು? ಯಂತ್ರ ಕೆಟ್ಟಿದೆಯೆಂದು ಅಂಗಡಿಯವನು ಚೀಟಿ ಅಂಟಿಸುತ್ತಾನೆ.

ಮಸ್ಕಿಯಲ್ಲಿ ನಮ್ಮ ಬಂಧುಗಳೊಬ್ಬರು ಮಣ್ಣಿನ ಮಾಳಿಗೆಯ ಹಳೆಯ ಮನೆಯನ್ನು ಕೆಡವಿಸಿ ಹೊಸದನ್ನು ಕಟ್ಟಿಸಿದರು. ಗೃಹಪ್ರವೇಶದಂದು ಗೌಂಡಿಗೆ ಶಾಲು ಹೊದಿಸಿ ಆಯೇರಿ ಮಾಡಿದರು. ಈ ಚಿತ್ರವನ್ನು ನಮ್ಮೊಡನೆ ನೋಡಿದ್ದ ಮೊಮ್ಮಗಳು ಪಂಕ್ತಿಯಲ್ಲಿ ಕುಳಿತಿದ್ದಾಗ, "ಅಜ್ಜಾ, ಹಳೀ ಮನಿ ಕೆಡವಿದವ್ರನ್ನ ಯಾಕ ಕರ್ದಿಲ್ಲ?" ಎಂದು ಯಜಮಾನರನ್ನೇ ಕೇಳಿದಳು. "ಅವರ ಕೂಲಿ ಅವತ್ತ ಕೊಟ್ಟೀವಲ್ಲವ್ವಾ" ಎಂದರು ಅವರು. ಕೂಲಿ ಕೊಟ್ಟದ್ದು ನಿಜ. ಆದರೆ ಗೌಂಡಿಗೂ ಕೂಲಿ ಸಂದಿತ್ತು. ಅವನ ಹೆಗಲಿಗೆ ಶಾಲು ಬಿದ್ದುದು ಕೂಲಿಯ ಲೆಕ್ಕದಲ್ಲಲ್ಲ. ಹಾರೆ ಗುದ್ದಲಿ ಹಿಡಿದು, ತಲೆಮಾರುಗಳ ಧೂಳು ನುಂಗಿ, ತೊಲೆಗಳನ್ನು ಮುರಿಯದಂತೆ ಇಳಿಸಿಕೊಟ್ಟವರ ಹೆಸರೂ ಅಲ್ಲಿ ಯಾರಿಗೂ ನೆನಪಿರಲಿಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯರನ್ನು ಅವರವರ ಕಾಯಕದೊಡನೆಯೇ ಹೆಸರಿಡಿದು ನೆನೆಯುವ ಪರಂಪರೆ ನಮ್ಮದು.

ಅದೇ ಮಸ್ಕಿಯ ಬಂಡೆಯ ಮೇಲೆ, 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಬೀಡನ್ ಕಂಡುಹಿಡಿದ ಅಶೋಕನ ಶಾಸನವಿದೆ. ದೊರೆಯ ಹೆಸರು ಸ್ಪಷ್ಟವಾಗಿದೆಯೆಂದು ಅದಕ್ಕೆ ಪ್ರಸಿದ್ಧಿ. ಉನ್ನತ ಫಲವು ದೊಡ್ಡವರ ಸೊತ್ತಲ್ಲ, ಧರ್ಮದಲ್ಲಿ ನಿಂತ ಅಲ್ಪನಿಗೂ ಅದು ದೊರೆಯುತ್ತದೆ ಎಂಬ ಅಭಿಪ್ರಾಯ ಆ ಶಾಸನದಲ್ಲಿದೆಯೆಂಬುದನ್ನು ಮಾತ್ರ ನಾವು ಮಕ್ಕಳಿಗೆ ಹೇಳುವುದು ಕಡಿಮೆ.

ಚಿತ್ರದ ಎಲ್ಲವನ್ನೂ ನಾವು ಒಪ್ಪಿದೆವೆಂದಲ್ಲ. ರಾಲ್ಫ್ ಕೊನೆಗೆ ತನ್ನ ಹಳೆಯ ಪಾತ್ರಕ್ಕೇ ಮರಳಿ ನೆಮ್ಮದಿ ಕಾಣುತ್ತಾನೆ. ಹುಟ್ಟಿದ ಕುಲ ಕೊಟ್ಟ ಕೆಲಸದಲ್ಲೇ ಬಿದ್ದಿರು ಎಂದು ಇದನ್ನು ಓದಿಕೊಂಡರೆ ಶರಣರಿಗೆ ಎರವಾದೀತು. ಅವರು ಕಾಯಕಕ್ಕೆ ಘನತೆ ತಂದರು, ಜಾತಿಗೆ ಕೀಲು ಜಡಿಯಲಿಲ್ಲ. ಈ ಮಾತನ್ನು ಚಿತ್ರ ನೋಡುವಾಗಲೇ ಮಕ್ಕಳಿಗೆ ಹೇಳಬೇಕು.

ಪದಕದ ಆಸೆಯ ಪ್ರಸಂಗದಲ್ಲಿ ನಮಗೆ ನೆನಪಾದವರು ಲಿಂಗಸುಗೂರು ತಾಲೂಕಿನ ಅಮರೇಶ್ವರದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು. ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಹೆಚ್ಚಿಗೆ ತಂದಾಗ, ಇದು ನಮಗೆ ಸಲ್ಲದ ಆಸೆಯೆಂದು ಹೇಳಿ, ಚೆಲ್ಲಿ ಬರಲು ಮರಳಿ ಕಳಿಸಿದಾಕೆ ಲಕ್ಕಮ್ಮ. ತುಂಗಭದ್ರೆಯ ಕಾಲುವೆ ಬಂದ ಮೇಲೆ ಅಕ್ಕಿಯ ಊರೇ ಆಗಿರುವ ಸಿಂಧನೂರಿನಲ್ಲಿ ಕುಳಿತು ಈ ಕಥೆ ಹೇಳುವುದಕ್ಕೆ ಸ್ವಲ್ಪ ಧೈರ್ಯ ಬೇಕು! ಚಿತ್ರದಲ್ಲಿ ಟರ್ಬೊ ಎಂಬ ಓಟಗಾರನಿದ್ದಾನೆ. ಹೊಸ ಆಟಕ್ಕೆ ಮಕ್ಕಳು ಮುಗಿಬಿದ್ದುದನ್ನು ಸಹಿಸದೆ ಅದರೊಳಗೆ ನುಗ್ಗಿ ಎರಡೂ ಆಟಗಳನ್ನು ಹಾಳುಮಾಡಿದವನು. ರಾಲ್ಫನಿಗೆ ಬೇಕಿದ್ದುದು ಆದರ, ಟರ್ಬೊನಿಗೆ ಬೇಕಿದ್ದುದು ಎಲ್ಲರ ಪಾಲು. ಲಕ್ಕಮ್ಮನಂಥವರೊಬ್ಬರು ಟರ್ಬೊನ ಮನೆಯಲ್ಲಿರಲಿಲ್ಲ.

ಯಂತ್ರವನ್ನೇ ಕಳಚಿ ಒಯ್ದದ್ದರಿಂದ ನೆಲೆ ತಪ್ಪಿದ ಕೆಲವು ಜೀವಗಳು ದಾರಿಯಲ್ಲಿ ಭಿಕ್ಷೆಗೆ ಕುಳಿತಿರುತ್ತವೆ. ಚಿತ್ರದ ಆರಂಭದಲ್ಲಿ ರಾಲ್ಫ್ ಅವರಿಗೆ ಒಂದು ಚೆರ್ರಿ ಹಣ್ಣು ಕೊಟ್ಟು ಹೋಗುತ್ತಾನೆ. ಕೊನೆಯಲ್ಲಿ ಅವರನ್ನು ತನ್ನ ಆಟಕ್ಕೇ ಕರೆತಂದು, ಮಾಡಲು ಕೆಲಸವನ್ನೂ ಇರಲು ಸೂರನ್ನೂ ಒದಗಿಸುತ್ತಾರೆ. ಮೊದಲನೆಯದು ದಾನ. ಎರಡನೆಯದಕ್ಕೆ ದಾಸೋಹವೆಂಬ ಮಾತೇ ಸರಿ. ಮೊಮ್ಮಗಳು ಈ ಭಾಗವನ್ನು ಎರಡು ಸಲ ಹಾಕಿಸಿಕೊಂಡಳು.

ಇದರ ಮುಂದಿನ ಭಾಗವೊಂದು 2018ರಲ್ಲಿ ಬಂದಿದೆ. ಅದರಲ್ಲಿ ಇಂಟರ್‌ನೆಟ್ಟಿನ ಗದ್ದಲ, ಕಂಪನಿಗಳ ಹೆಸರುಗಳ ಸಂತೆಯೇ ಹೆಚ್ಚು. ಮನೆಮಂದಿ ಕೂಡಿ ನೋಡಲು ಮೊದಲನೆಯದೇ ಸಾಕು. ಅದರ ಅವಧಿ ಒಂದು ಗಂಟೆ ನಲವತ್ತು ನಿಮಿಷದಷ್ಟು.