ಒಂದನೆಯ ಜೂನಿನ ಮಕ್ಕಳು

ನಾನು ನಿವೃತ್ತನಾದದ್ದು 2020ರ ಮೇ 31ರಂದು. ಲಾಕ್‌ಡೌನಿನ ದಿನಗಳವು. ಹಾರ, ತುರಾಯಿ, ಬೀಳ್ಕೊಡುವ ಭಾಷಣ ಯಾವುದೂ ಇಲ್ಲದೆ, ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಹೋಗಿ, ಚಾರ್ಜು ಒಪ್ಪಿಸಿ, ಹಲಸಂಗಿಯ ಮನೆಗೆ ಬಂದು ಕುಳಿತೆ. ಮೂವತ್ತಾರು ವರ್ಷ ಗಂಟೆಯ ಸದ್ದಿಗೆ ಎದ್ದು ಕುಳಿತ ದೇಹಕ್ಕೆ ಏನೂ ಕೆಲಸವಿಲ್ಲದಂತಾಯಿತು. ಮಗ ತನ್ನ ಹಳೆಯ ಲ್ಯಾಪ್‌ಟಾಪು ಬಿಟ್ಟು ಹೋಗಿದ್ದ.

ಗಣಿತದ ಮೇಷ್ಟರಾದ ನಾನು ಜ್ಯೋತಿಷ್ಯವನ್ನು ಶಿಕ್ಷಕರ ಕೊಠಡಿಯಲ್ಲಿ ಬೇಕಾದಷ್ಟು ಗೇಲಿ ಮಾಡಿದವನು. ಒಮ್ಮೆ ಸಹೋದ್ಯೋಗಿಯೊಬ್ಬರು, "ಓದದೇ ಬೈಯೂದು ಹ್ಯಾಂಗ್ರೀ ಸರ? ನಿಮ್ಮ ಹುಡುಗೂರು ಲೆಕ್ಕಾ ಮಾಡದೇ ಉತ್ತರಾ ಬರದ್ರ ನೀವು ಮಾರ್ಕ್ಸ್ ಕೊಡ್ತೀರೇನ್ರಿ?" ಎಂದಿದ್ದರು. ಆ ಮಾತು ಮುಳ್ಳಿನಂತೆ ಒಳಗೇ ಉಳಿದಿತ್ತು. ಓದಿಯೇ ಬೈಯೋಣವೆಂದು ಆರಂಭಿಸಿದೆ.

ಈ ಊರಿನಲ್ಲಿ ತಾವಾಗಿಯೇ ಕಲಿಯುವುದು ಹೊಸ ಸಂಗತಿಯೇನಲ್ಲ. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮೊದಲಾದ ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಹಾಡು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಹೊರತಂದರು. ಅದಕ್ಕೆ ಯಾವ ವಿಶ್ವವಿದ್ಯಾಲಯವೂ ಅವರಿಗೆ ದಾರಿ ತೋರಿಸಲಿಲ್ಲ. ಅವರ ಹೆಸರು ಹೇಳಿ ನನ್ನನ್ನು ಅವರ ಸಾಲಿನಲ್ಲಿ ಕೂಡಿಸಿಕೊಳ್ಳುತ್ತಿದ್ದೇನೆಂದು ಓದುಗರು ತಿಳಿಯಬಾರದು. ನನಗಿದ್ದ ಅನುಕೂಲ ಅವರಿಗಿರಲಿಲ್ಲ. ಎಲ್ಲವೂ ಪುಕ್ಕಟೆ! ವರಾಹಮಿಹಿರನ 'ಬೃಹಜ್ಜಾತಕ'ದ ಹಳೆಯ ಮುದ್ರಣಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಟಪುಟವೂ ದೊರೆತವು. ಪಿ. ವಿ. ಆರ್. ನರಸಿಂಹ ರಾವ್ ಎಂಬುವರು 'ಜಗನ್ನಾಥ ಹೋರಾ' ಎಂಬ ತಂತ್ರಾಂಶವನ್ನು ರಚಿಸಿ ಎಲ್ಲರಿಗೂ ಉಚಿತವಾಗಿ ಬಿಟ್ಟಿದ್ದಾರೆ. ತಾವು ಬರೆದ ದೊಡ್ಡ ಪಠ್ಯವನ್ನೂ ಹಾಗೆಯೇ ಕೊಟ್ಟಿದ್ದಾರೆ. ಯೂಟ್ಯೂಬಿನ ಪಾಠಗಳಂತೂ ಲೆಕ್ಕವಿಲ್ಲ. ಆದರೆ ಅಲ್ಲಿ ಹತ್ತರಲ್ಲಿ ಎಂಟು ಜನ ಕಲಿಸುವುದಿಲ್ಲ, ಹೆದರಿಸುತ್ತಾರೆ.

ಮೊದಲ ವಾರವೇ ಎಡವಿದೆ. ಒಂದೇ ಜನನಕಾಲಕ್ಕೆ ಎರಡು ತಾಣಗಳು ಎರಡು ಬೇರೆ ಲಗ್ನ ತೋರಿಸಿದವು. ಯಾವುದು ತಪ್ಪು? ಎರಡೂ ತಪ್ಪಲ್ಲ, ಅಯನಾಂಶ ಬೇರೆ. 1952ರಲ್ಲಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಭಾರತ ಸರಕಾರ ನೇಮಿಸಿದ ಪಂಚಾಂಗ ಸುಧಾರಣಾ ಸಮಿತಿಯ ಹಾದಿಯಲ್ಲಿ ಬಂದ ಲಾಹಿರಿ ಅಯನಾಂಶಕ್ಕೂ ನಮ್ಮ ಬೆಂಗಳೂರಿನ ಬಿ. ವಿ. ರಾಮನ್ ಅವರದಕ್ಕೂ ಸುಮಾರು ಒಂದೂವರೆ ಅಂಶದ ಅಂತರವಿದೆ. ಲಗ್ನ ರಾಶಿಯ ಅಂಚಿನಲ್ಲಿದ್ದರೆ ಅಷ್ಟರಲ್ಲಿ ಮನುಷ್ಯನ ಮನೆಗಳೆಲ್ಲ ಬದಲಾಗಿಬಿಡುತ್ತವೆ.

ಇನ್ನೊಂದು ಪಾಠ ಅಂಗಳದಲ್ಲಿಯೇ ಆಯಿತು. ನಮ್ಮ ಗಡಿಯಾರ ತೋರಿಸುವುದು 82.5 ಅಂಶ ರೇಖಾಂಶದ ವೇಳೆ. ನಮ್ಮ ಕಡೆಯ ರೇಖಾಂಶ ಸುಮಾರು 75.7. ಒಂದು ಅಂಶಕ್ಕೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಇಪ್ಪತ್ತೇಳು ನಿಮಿಷ ಹಿಂದೆ. ಭೂಗೋಳದ ತರಗತಿಯಲ್ಲಿ ಎಷ್ಟೋ ಸಲ ಹೇಳಿಕೊಟ್ಟ ಲೆಕ್ಕ, ಕಣ್ಣಿನಿಂದ ನೋಡಿರಲಿಲ್ಲ. ಜೂನ್ ನಡುವಿನಲ್ಲಿ ಮೋಡ ಬಿಟ್ಟ ಒಂದು ದಿನ ಕೋಲು ನೆಟ್ಟು ಕುಳಿತೆ. ಹನ್ನೆರಡು ಗಂಟೆ ಇಪ್ಪತ್ತೇಳು ನಿಮಿಷದ ಆಸುಪಾಸಿನಲ್ಲಿ ನೆರಳು ಅತಿ ಗಿಡ್ಡವಾಯಿತು, ಅದೂ ದಕ್ಷಿಣಕ್ಕೆ ಬಿದ್ದಿತ್ತು! ಆಗ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನಲ್ಲ. ನನ್ನಾಕೆ ಬಾಗಿಲಲ್ಲಿ ನಿಂತು, "ರಿಟೈರ್ ಆದ ಮ್ಯಾಲೆ ನೆರಳ ಅಳೀಲಿಕ್ಕ ಹತ್ಯಾರ" ಎಂದು ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು. ಜ್ಯೋತಿಷ್ಯವನ್ನು ಕಲಿಯಲು ಹೊರಟು ನಾನು ಕಲಿತದ್ದರಲ್ಲಿ ಖಗೋಳವೇ ಹೆಚ್ಚು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಆಮೇಲೆ ಸಹಜವಾಗಿ ನನ್ನ ಕುಂಡಲಿಯನ್ನು ಹಾಕಲು ಕುಳಿತೆ. ಜನ್ಮದಿನಾಂಕ 1-6-1960. ಬರೆಯುತ್ತಿದ್ದಂತೆ ನಗು ಬಂದಿತು. ನಮ್ಮ ಕಡೆ ನನ್ನ ವಾರಿಗೆಯವರಲ್ಲಿ ಅರ್ಧಕ್ಕರ್ಧ ಜನ ಜೂನ್ ಒಂದರಂದೇ ಹುಟ್ಟಿದವರು! ಹೆರಿಗೆ ಮನೆಯಲ್ಲಿ, ನೋಂದಣಿಯಿಲ್ಲ. ಶಾಲೆ ತೆರೆಯುವ ತಿಂಗಳಿಗೆ ಹೊಂದುವಂತೆ ಮಾಸ್ತರರೇ ಒಂದು ತಾರೀಖು ಬರೆದುಕೊಳ್ಳುತ್ತಿದ್ದರು. ಅವ್ವನನ್ನು ಕೇಳಿದೆ. ಅವಳು ಕಣ್ಣುಮುಚ್ಚಿ, "ಕಾರಹುಣ್ಣಿವಿ ಸಂಜಿ. ಓಣ್ಯಾಗ ಎತ್ತು ಕರಿ ಹರ್ಯಾಕ ಬಿಟ್ಟಿದ್ರು, ಆ ಗದ್ದಲದಾಗ ನೀ ಅತ್ತದ್ದು ಯಾರಿಗೂ ಕೇಳಿಸಲಿಲ್ಲ" ಎಂದಳು. ಗಣಕಯಂತ್ರ ಕ್ಷಣದಲ್ಲಿ ಹೇಳಿತು: 1960ರ ಜೂನ್ 9, ಗುರುವಾರ, ಜ್ಯೇಷ್ಠಾ ನಕ್ಷತ್ರ. ಎಂಟು ದಿನದ ವ್ಯತ್ಯಾಸ. ಸೇವಾ ನಿಯಮದ ಪ್ರಕಾರ ತಿಂಗಳ ಒಂದನೆಯ ತಾರೀಖಿನವರು ಹಿಂದಿನ ತಿಂಗಳ ಕೊನೆಗೇ ನಿವೃತ್ತರಾಗಬೇಕು. ನಮ್ಮ ಮಾಸ್ತರರು ಅವ್ವನನ್ನು ಒಂದು ಮಾತು ಕೇಳಿದ್ದರೆ ನನಗೆ ಒಂದು ತಿಂಗಳ ಪಗಾರ ಉಳಿಯುತ್ತಿತ್ತು.

ನಗು ಅಲ್ಲಿಗೇ ನಿಲ್ಲುತ್ತಿತ್ತು. 2023ರಲ್ಲಿ ಒಬ್ಬ ತಾಯಿ ಮನೆಗೆ ಬರದಿದ್ದರೆ. "ಸರ್ರು ಕಂಪ್ಯೂಟರಿನ್ಯಾಗ ಕುಂಡಲಿ ನೋಡ್ತಾರ" ಎಂಬ ಸುದ್ದಿ ಅಷ್ಟು ಹೊತ್ತಿಗೆ ಹಬ್ಬಿತ್ತು. ಮಗಳಿಗೆ ಸಿಂದಗಿ ಕಡೆಯಿಂದ ಚೆನ್ನಾದ ಸಂಬಂಧ ಬಂದಿತ್ತು, ಮಾತುಕತೆಯೆಲ್ಲ ಮುಗಿದಿತ್ತು. ವರನ ಕಡೆಯವರು ಮೊಬೈಲಿನಲ್ಲಿ ಹುಡುಗಿಯ ಕುಂಡಲಿ ತೆಗೆದು ನೋಡಿದರೆ ಮೂಲಾ ನಕ್ಷತ್ರ. ಮೂಲಾದ ಹೆಣ್ಣು ಮಾವನಿಗೆ ಆಗಿಬರುವುದಿಲ್ಲವೆಂದು ಬೀಗರು ಹಿಂದೆ ಸರಿದಿದ್ದರು. ತಾಯಿ ಆಧಾರ್ ಕಾರ್ಡು ಮುಂದಿಟ್ಟಳು. 1-6-1999.

ಆ ತಾರೀಖನ್ನು ನೋಡಿ ನನ್ನ ಕೈ ತಣ್ಣಗಾಯಿತು. ಪ್ರೌಢಶಾಲೆಗೆ ಬಡ್ತಿ ಹೊಂದುವ ಮೊದಲು ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. 2005ರ ಜೂನಿನಲ್ಲಿ ಒಂದನೆಯ ತರಗತಿಯ ದಾಖಲಾತಿ ಬರೆದವನು ನಾನೇ. ಕಟ್ಟೆಯ ಮೇಲೆ ಸಾಲಾಗಿ ಕುಳಿತ ತಾಯಂದಿರು, "ನಿಮಗ ತಿಳಿದಂಗ ಬರಕೋರಿ ಸರ" ಎನ್ನುತ್ತಿದ್ದರು. ನಾನು ಬರೆದುಕೊಂಡೆ. ಇಪ್ಪತ್ಮೂರು ಮಕ್ಕಳಲ್ಲಿ ಹದಿನಾಲ್ಕು ಮಕ್ಕಳಿಗೆ ಒಂದೇ ತಾರೀಖು. ಕೆಲವಕ್ಕಂತೂ ಮೇಲಿನ ಸಾಲಿನಂತೆಯೇ ಎಂಬ ಎರಡು ಚುಕ್ಕೆಗಳನ್ನು ಹಾಕಿದ್ದೆ. ಆ ಚುಕ್ಕೆಗಳೇ ಅಂಕಪಟ್ಟಿಗೆ, ಅಲ್ಲಿಂದ ಆಧಾರಿಗೆ ನಡೆದುಕೊಂಡು ಹೋಗಿದ್ದವು. 1999ರ ಜೂನ್ 1ರ ಹಗಲೆಲ್ಲ ಚಂದ್ರ ಮೂಲಾ ನಕ್ಷತ್ರದಲ್ಲಿದ್ದ. ಅಂದರೆ ನನ್ನ ಒಂದು ಲೇಖಣಿಯಿಂದ ಹದಿನಾಲ್ಕು ಮಕ್ಕಳು ಮೂಲಾದವರಾಗಿದ್ದರು.

"ಯವ್ವಾ, ಇದು ನಾ ಬರದದ್ದು. ಖರೇ ಯಾವಾಗ ಹುಟ್ಯಾಳ ಹೇಳು" ಎಂದೆ.

"ಗ್ರಹಣ ಹಿಡದಿತ್ರಲ್ಲ ಸರ, ಆ ಸಂಜೀ ಮುಂದ ನನ್ನ ಒಳಗ ಹಾಕಿ ಬಾಗಲಾ ಹಾಕಿದ್ರು. ಬೆಳಕ ಬೀಳಬಾರದಂತ ಕಿಡಕಿಗೂ ಕೌದಿ ಕಟ್ಟಿದ್ರು. ಅದಾಗಿ ಪಂಚಮೀ ದಿನ ಮಧ್ಯಾಹ್ನ ಎಲ್ಲಾರೂ ಜೋಕಾಲಿ ಆಡಾಕ ಹ್ವಾದಾಗ ಬ್ಯಾನಿ ಬಂತು."

1999ರ ಆಗಸ್ಟ್ 11ರ ಸೂರ್ಯಗ್ರಹಣವನ್ನು ಮರೆಯುವುದುಂಟೇ? ಆ ವರ್ಷದ ನಾಗರ ಪಂಚಮಿ ಆಗಸ್ಟ್ 16, ಸೋಮವಾರ. ನಕ್ಷತ್ರ ಚಿತ್ತಾ. ನನ್ನಲ್ಲಿದ್ದ ತಂತ್ರಾಂಶ ಗ್ರಹವನ್ನು ವಿಕಲೆಯವರೆಗೆ ಲೆಕ್ಕ ಹಾಕುತ್ತದೆ. ಆದರೆ ಅದಕ್ಕೆ ತಾಯಿಯ ನೆನಪನ್ನು ಕೇಳುವ ಬಾಯಿಯಿಲ್ಲ. ಭಾಸ್ಕರಾಚಾರ್ಯನ ಊರು ವಿಜ್ಜಡವಿಡವೆಂದರೆ ನಮ್ಮ ವಿಜಯಪುರವೇ ಎಂದು ನಮ್ಮವರು ಹೇಳುತ್ತಾರೆ. ಮಹಾರಾಷ್ಟ್ರದವರು ಚಾಳೀಸಗಾಂವ ಸಮೀಪದ ಪಾಟಣವೆನ್ನುತ್ತಾರೆ. ಅವನ ಮಗಳು ಲೀಲಾವತಿಯ ಮದುವೆಯ ಮುಹೂರ್ತ ಕಾಯುವಾಗ ಮುತ್ತೊಂದು ಬಿದ್ದು ಗಳಿಗೆ ಬಟ್ಟಲಿನ ತೂತು ಮುಚ್ಚಿ, ಕಾಲ ತಪ್ಪಿತೆಂಬ ಕಥೆಯನ್ನು 1587ರಲ್ಲಿ ಫೈಜಿ ತನ್ನ ಪಾರಸಿ ಅನುವಾದದಲ್ಲಿ ಹೇಳಿದ್ದಾನೆ. ಮಕ್ಕಳಿಗೆ ನಾನು ರಸವತ್ತಾಗಿ ಹೇಳುತ್ತಿದ್ದ ಕಥೆ ಅದು. ಈಗ ಆ ಮುತ್ತು ನಾನೇ ಆಗಿದ್ದೆ.

ಸಿಂದಗಿಯವರಿಗೆ ಫೋನು ಮಾಡಿ ತಪ್ಪು ನನ್ನದೆಂದು ಹೇಳಿದೆ. ಹುಡುಗನ ತಂದೆ ಬಹಳ ಹೊತ್ತು ಸುಮ್ಮನಿದ್ದು, "ಮಾಸ್ತರ ನೀವ ಹೇಳ್ತೀರಂದ್ರ ಮೂಲಾ ಅಲ್ಲ. ಆತು ಬಿಡ್ರಿ" ಎಂದರು. ಮುಂದಿನ ಬೇಸಿಗೆಯಲ್ಲಿ ಮದುವೆಯಾಯಿತು.

ಅಕ್ಷತೆ ಹಾಕಿ ಬಂದೆನಾದರೂ ಮನಸ್ಸಿಗೆ ಸಮಾಧಾನವಿರಲಿಲ್ಲ. ಒಂದು ನಕ್ಷತ್ರ ಮಾವನನ್ನು ಕೊಲ್ಲುತ್ತದೆಂದು ನಾನು ನಂಬುವವನಲ್ಲ. ಆದರೆ ಆ ಮಾತನ್ನು ಫೋನಿನಲ್ಲಿ ಆಡಲಿಲ್ಲ. ಹುಡುಗಿಯದು ಚಿತ್ತಾ ಎಂದಷ್ಟೇ ಹೇಳಿ ಗೆದ್ದೆ. ಅವಳು ನಿಜವಾಗಿಯೂ ಮೂಲಾದವಳಾಗಿದ್ದರೆ?

ಉಳಿದವರ ಮನೆಗಳಿಗೆ ಒಂದು ನೋಟುಬುಕ್ಕು ಹಿಡಿದು ಹೋಗಲಾರಂಭಿಸಿದೆ. ಒಬ್ಬಳು ಎಳ್ಳ ಅಮವಾಸ್ಯೆಗೆ ಚರಗ ಚೆಲ್ಲಿ ಬಂದ ರಾತ್ರಿ ಹುಟ್ಟಿದವಳು. ಒಬ್ಬ ಹುಡುಗನ ತಾಯಿ ತೀರಿಹೋಗಿದ್ದಾಳೆ. ಅವನದು ಜೂನ್ ಒಂದೇ ಇರಲಿ. ಐದನೆಯ ಮನೆಯಲ್ಲಿ ಮುದುಕಿಯೊಬ್ಬಳು ಮೊಮ್ಮಗಳ ಬಗ್ಗೆ, "ಕಾರಹುಣ್ಣಿವಿ ಮುಂಜಾನೆ, ಎತ್ತಿನ ಕೋಡಿಗೆ ಬಣ್ಣಾ ಹಚ್ಚೂ ಹೊತ್ತಿನ್ಯಾಗ" ಎಂದಳು. ನನ್ನದೇ ಹುಣ್ಣಿಮೆ! ಹಿಗ್ಗಿನಿಂದ ಮನೆಗೆ ಬಂದು ಲೆಕ್ಕ ಹಾಕಿದೆ. ಆ ವರ್ಷ ಅಧಿಕ ಜ್ಯೇಷ್ಠ ಬಂದುದರಿಂದ ಕಾರಹುಣ್ಣಿಮೆ ತಡವಾಗಿ ಜೂನ್ 28ಕ್ಕೆ ಬಿದ್ದಿತ್ತು. ಚಂದ್ರ ಮೂಲಾದಲ್ಲಿ.

ಎರಡು ಸಲ ನೋಡಿದೆ. ರಾಮನ್ ಅಯನಾಂಶ ಹಾಕಿಯೂ ನೋಡಿದೆ. ಮೂಲಾವೇ.

ಮರುದಿನ ಆ ಹುಡುಗಿಯ ತಂದೆ ದಾರಿಯಲ್ಲಿ ಸೈಕಲ್ ಮೋಟರು ನಿಲ್ಲಿಸಿ, "ಹ್ಯಾಂಗ ಐತ್ರಿ ಸರ, ನಮ್ಮ ಹುಡುಗೀದು?" ಎಂದು ಕೇಳಿದರು. ಅವಳು ಈಗ ಇಂಡಿಯಲ್ಲಿ ನರ್ಸಾಗಿದ್ದಾಳೆ.

"ಕಾರಹುಣ್ಣಿಮೆಗೆ ಹುಟ್ಯಾಳ, ನನ್ನಂಗ" ಎಂದೆ. "ನಕ್ಷತ್ರ ಯಾರರ ಕೇಳಿದ್ರ ನನ್ನ ಕಡೆ ಕಳಸ್ರಿ. ನಾ ಮಾತಾಡ್ತೀನಿ."

ಇನ್ನೂ ಯಾರೂ ಬಂದಿಲ್ಲ.