ಗ್ಯಾರೇಜಿನಲ್ಲಿ ಹುಟ್ಟಿದ ವಿಮಾನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರೇ ಹೊರತು, ವಿಮಾನ ಕಟ್ಟಿ ನೋಡು ಎಂದು ಹೇಳುವ ಪ್ರಸಂಗ ಅವರಿಗೆ ಒದಗಿರಲಿಲ್ಲ. ಅಮೆರಿಕದಲ್ಲಿ ಆ ಮೂರನೆಯ ಸಾಹಸಕ್ಕೂ ಕೈಹಾಕುವ ಗೃಹಸ್ಥರು ಸಾವಿರಗಟ್ಟಲೆ ಇದ್ದಾರೆ. ೧೯೫೩ರಲ್ಲಿ ಪಾಲ್ ಪೊಬರೆಜ್ನಿ ಎಂಬಾತ ಮಿಲ್ವಾಕಿ ನಗರದಲ್ಲಿ ಇಂಥ ಉತ್ಸಾಹಿಗಳನ್ನು ಕಲೆಹಾಕಿ ಒಂದು ಸಂಘವನ್ನು ಸ್ಥಾಪಿಸಿದ. ೧೯೭೦ರಿಂದ ಅದರ ವಾರ್ಷಿಕ ಮೇಳ ವಿಸ್ಕಾನ್ಸಿನ್ ರಾಜ್ಯದ ಆಷ್‌ಕಾಷ್ ಪಟ್ಟಣದಲ್ಲಿ ನಡೆಯುತ್ತ ಬಂದಿದೆ. ಕಾನೂನಿನ ಷರತ್ತು ಸರಳವಾದುದು: ಕೆಲಸದ ಅರ್ಧಕ್ಕಿಂತ ಹೆಚ್ಚಿನ ಭಾಗವನ್ನು ಹವ್ಯಾಸಿಗಳೇ ಮಾಡಿರಬೇಕು, ಅದೂ ಕಲಿಕೆಗಾಗಿ ಅಥವಾ ವಿನೋದಕ್ಕಾಗಿ. ಜೊತೆಗೆ, ಇದು ಹವ್ಯಾಸಿಯ ಕೈಕೆಲಸ, ಸಾಮಾನ್ಯ ವಿಮಾನಗಳಿಗೆ ವಿಧಿಸಿರುವ ಸುರಕ್ಷತಾ ನಿಯಮಗಳಿಗೆ ಇದು ಹೊಂದುವುದಿಲ್ಲ ಎಂಬ ಒಕ್ಕಣೆಯ ಫಲಕವನ್ನು ಪ್ರಯಾಣಿಕರ ಕಣ್ಣಿಗೆ ಬೀಳುವಂತೆ ಒಳಗೆ ಅಂಟಿಸಬೇಕು. ಅದನ್ನು ಓದಿಯೂ ಪಕ್ಕದಲ್ಲಿ ಕೂರಲು ಒಪ್ಪುವವರು ಹೆಚ್ಚಾಗಿ ಕಟ್ಟಿದವನ ಹೆಂಡತಿಯೇ.

ಆ ಸೀಮೆಯ ಒಬ್ಬ ಗೃಹಸ್ಥ ಆರು ವರ್ಷ ಸಂಜೆಗಳನ್ನೂ ಭಾನುವಾರಗಳನ್ನೂ ಸವೆಸಿ, ಅಲ್ಯೂಮಿನಿಯಮ್ ತಗಡಿನ ಎರಡು ಆಸನದ ವಿಮಾನವೊಂದನ್ನು ಮನೆಯ ಗ್ಯಾರೇಜಿನಲ್ಲಿ ಕಟ್ಟಿದ. ಕಾರು ಮಳೆಯಲ್ಲಿ ನೆನೆಯಿತು, ಹಿಮದಲ್ಲಿ ಹೂತಿತು. ಸಾವಿರಾರು ರಿವೆಟ್ಟುಗಳನ್ನು ಹೊಡೆಯುವಾಗ ಹಿಂಬದಿಯಲ್ಲಿ ಉಕ್ಕಿನ ದಿಮ್ಮಿಯನ್ನು ಒತ್ತಿ ಹಿಡಿದವಳು ಅವನ ಹೆಂಡತಿ. ತಗಡಿನ ಕೆಲಸ ಮುಗಿದು ತಂತಿಗಳ ಕೆಲಸ ಬಂದಾಗ ಮಾತ್ರ ಅವನು ಒಬ್ಬಂಟಿಯಾದ. ರಿವೆಟ್ಟು ಸೊಟ್ಟಗಾದರೆ ಕಣ್ಣಿಗೆ ಕಾಣುತ್ತದೆ. ವಿದ್ಯುತ್ತಿನ ತಪ್ಪು ಕಾಣುವುದಿಲ್ಲ.

ಅವನ ಮೊದಲ ನಕ್ಷೆ ಹೆಮ್ಮೆಯದಾಗಿತ್ತು. ೧೨ ವೋಲ್ಟಿನ ಒಂದು ಬ್ಯಾಟರಿ. ಎಂಜಿನು ತಿರುಗುವಾಗ ೧೪ ವೋಲ್ಟಿಗಿಂತ ತುಸು ಹೆಚ್ಚು ಕೊಟ್ಟು ಅದನ್ನು ತುಂಬುವ ಆಲ್ಟರ್ನೇಟರು. ರೇಡಿಯೋ, ದೀಪಗಳು, ಅಳತೆಯ ಉಪಕರಣಗಳು ಎಲ್ಲವೂ ಒಂದೇ ತಾಮ್ರದ ಪಟ್ಟಿಯಿಂದ ವಿದ್ಯುತ್ತು ಪಡೆಯುವಂತೆ ಜೋಡಣೆ. ಪ್ರತಿಯೊಂದು ಭಾಗವೂ ಅತ್ಯುತ್ತಮ ದರ್ಜೆಯದು, ಅದಕ್ಕೆ ತಕ್ಕ ಬೆಲೆಯದು. ಎಂಜಿನ್ನಿಗೆ ಕಿಡಿ ಕೊಡಲು ಹಳೆಯ ಪದ್ಧತಿಯ ಮ್ಯಾಗ್ನೆಟೊಗಳನ್ನೇ ಇರಿಸಿಕೊಂಡಿದ್ದ. ಅವು ತಮ್ಮ ಕಿಡಿಯನ್ನು ತಾವೇ ಹುಟ್ಟಿಸಿಕೊಳ್ಳುವುದರಿಂದ ಬ್ಯಾಟರಿ ಸತ್ತರೂ ಎಂಜಿನು ನಿಲ್ಲದು.

ಹೆಂಡತಿ ನಕ್ಷೆಯ ಮೇಲೆ ಬೆರಳಿಟ್ಟು, “ಈ ಆಲ್ಟರ್ನೇಟರು ಕೆಟ್ಟರೆ ಏನು ಮಾಡುವಿರಿ?” ಎಂದಳು.

“ಅದು ಕೆಡುವಂಥದಲ್ಲ.”

“ನಮ್ಮ ರೆಫ್ರಿಜರೇಟರನ್ನು ಮಾರಿದವನೂ ಹಾಗೆಯೇ ಹೇಳಿದ್ದ. ಕತ್ತಲಲ್ಲಿ ಕೆಟ್ಟರೆ ಎಂದು ಕೇಳಿದೆ.”

ಅವನ ಬಳಿ ಉತ್ತರವಿರಲಿಲ್ಲ. ಆ ರಾತ್ರಿ ಲೆಕ್ಕ ಹಾಕಿದ. ಬ್ಯಾಟರಿಯ ಸಾಮರ್ಥ್ಯ ೧೭ ಆಂಪಿಯರ್-ಗಂಟೆ. ರಾತ್ರಿಯ ಹಾರಾಟದಲ್ಲಿ ಎಲ್ಲವೂ ಕೂಡಿ ಎಳೆಯುವುದು ೨೫ ಆಂಪಿಯರು. ಅಂದರೆ ಕಾಗದದ ಮೇಲೆ ನಲವತ್ತು ನಿಮಿಷ. ವಾಸ್ತವದಲ್ಲಿ ಅದಕ್ಕೂ ಕಡಮೆ. ಪೆಟ್ರೋಲ್ ಟ್ಯಾಂಕಿನಲ್ಲಿದ್ದುದು ನಾಲ್ಕು ಗಂಟೆಯ ಇಂಧನ. ಎಂಜಿನು ಗುಡುಗುತ್ತಲೇ ಇರುತ್ತದೆ, ಉಪಕರಣಗಳ ಮುಖ ಕಪ್ಪಾಗಿರುತ್ತದೆ, ಕೆಳಗೆ ನೆಲ ಎಲ್ಲಿದೆಯೋ ತಿಳಿಯದು.

ಈ ಪ್ರಶ್ನೆಯನ್ನೇ ಹಿಡಿದು ಒಂದು ಇಡೀ ಪುಸ್ತಕವನ್ನು ಬರೆದವನು ಕ್ಯಾನ್ಸಸ್ ರಾಜ್ಯದ ಬಾಬ್ ನಕಲ್ಸ್ ಎಂಬ ಎಂಜಿನಿಯರು. ‘ಏರೋಎಲೆಕ್ಟ್ರಿಕ್ ಕನೆಕ್ಷನ್’ ಎಂಬ ಆ ಗ್ರಂಥ ಇಂಥ ಗ್ಯಾರೇಜುಗಳಲ್ಲಿ ಪಂಚಾಂಗದಂತೆ ಬಳಕೆಯಾಗುತ್ತದೆ. ಕೆಡದ ವಸ್ತುವನ್ನು ಹುಡುಕಿ ಹಣ ಕಳೆಯುವುದಕ್ಕಿಂತ, ಯಾವುದೇ ಒಂದು ವಸ್ತು ಕೆಟ್ಟರೂ ಹಾರಾಟವನ್ನು ನಿಶ್ಚಿಂತೆಯಿಂದ ಮುಗಿಸುವಂತೆ ಜೋಡಿಸು ಎಂಬುದು ಅವನ ಹಟ. ಗೃಹಸ್ಥ ಹಳೆಯ ನಕ್ಷೆಯನ್ನು ಮಡಿಸಿಟ್ಟು ಹೊಸದನ್ನು ಬರೆದ. ಈ ಬಾರಿ ದೊಡ್ಡ ಪಟ್ಟಿಯ ಪಕ್ಕದಲ್ಲಿ ಒಂದು ಕಿರಿಯ ಪಟ್ಟಿ ಬಂದಿತು. ಅದರ ಮೇಲೆ ಒಂದು ರೇಡಿಯೋ, ದಿಕ್ಕು ಮತ್ತು ಸಮತೋಲ ತೋರಿಸುವ ಉಪಕರಣ, ಒಂದು ಸಣ್ಣ ದೀಪ, ಇಷ್ಟೇ. ಎಲ್ಲವೂ ಕೂಡಿ ೪ ಆಂಪಿಯರು. ಎಂದಿನಂತೆ ದೊಡ್ಡ ಪಟ್ಟಿಯಿಂದಲೇ ಅದಕ್ಕೆ ವಿದ್ಯುತ್ತು ಬರುತ್ತದೆ, ಒಂದೇ ದಿಕ್ಕಿಗೆ ಬಿಡುವ ಡಯೋಡಿನ ಮೂಲಕ. ಆಪತ್ತಿನಲ್ಲಿ ಬೇರೊಂದು ಸ್ವಿಚ್ಚನ್ನು ಒತ್ತಿದರೆ ಬ್ಯಾಟರಿಯಿಂದ ನೇರವಾಗಿ ಬರುತ್ತದೆ. ಆಗ ಬ್ಯಾಟರಿಯ ಮುಖ್ಯ ರಿಲೇಯನ್ನೇ ಆರಿಸಿಬಿಡಬಹುದು. ಏನೂ ಕೆಲಸ ಮಾಡದೆ ಬಾಗಿಲು ತೆರೆದು ಹಿಡಿದುಕೊಂಡಿರುವುದಕ್ಕೇ ಆ ರಿಲೇ ಸುಮಾರು ೧ ಆಂಪಿಯರನ್ನು ನುಂಗುತ್ತದೆಂಬುದು ಅವನಿಗೆ ಅಂದು ತಿಳಿಯಿತು. ವೋಲ್ಟೇಜು ೧೩ಕ್ಕಿಂತ ಇಳಿದರೆ ಮಿನುಗುವ ಒಂದು ಕೆಂಪು ದೀಪವನ್ನೂ ಕಣ್ಣೆದುರಿಗೇ ಕೂರಿಸಿದ. ಆಲ್ಟರ್ನೇಟರು ಕೆಟ್ಟದ್ದು ಕೆಟ್ಟ ಕ್ಷಣದಲ್ಲೇ ತಿಳಿಯದಿದ್ದರೆ, ಕಿರಿಯ ಪಟ್ಟಿಯಿದ್ದೂ ಫಲವಿಲ್ಲವಷ್ಟೆ.

ಹೊಸ ನಕ್ಷೆಯನ್ನು ನೋಡಿ ಹೆಂಡತಿ ಬೇರೆ ಬೇರೆ ಕಡೆ ಹತ್ತು ಸಲ ಬೆರಳಿಟ್ಟಳು. ಹತ್ತು ಸಲವೂ ಅವನು ಉತ್ತರ ಹೇಳಿದ.

ಆದರೂ ವಿಮಾನ ತನ್ನ ತುಂಟತನವನ್ನು ಬಿಡಲಿಲ್ಲ. ನೆಲದ ಮೇಲಿನ ಪರೀಕ್ಷೆಯಲ್ಲಿ, ರೆಕ್ಕೆಯಲ್ಲಿರುವ ಇಳಿದಾಣದ ದೀಪವನ್ನು ಹಚ್ಚಿದೊಡನೆ ಇಂಧನ ತೋರಿಸುವ ಮುಳ್ಳು ಖಾಲಿಯ ಕಡೆಗೆ ಬೀಳುತ್ತಿತ್ತು, ಆರಿಸಿದರೆ ಮೇಲೇಳುತ್ತಿತ್ತು. ದೀಪಕ್ಕೂ ಪೆಟ್ರೋಲಿಗೂ ಎಲ್ಲಿಯ ನಂಟು? ಮಾಪಕವನ್ನು ಬದಲಾಯಿಸಿದ. ಹೊಸ ಮಾಪಕವೂ ಅದೇ ಕುಣಿತ ಕುಣಿಯಿತು. ಟ್ಯಾಂಕಿನೊಳಗಿನ ತೇಲುಬುರುಡೆಯ ಸಾಧನವನ್ನು ಬಿಚ್ಚಿ ಕಟ್ಟಿದ. ಓಮ್ ಮೀಟರು ಹಿಡಿದು ಒಂದೊಂದೇ ಬೆಸುಗೆಯನ್ನು ಪರೀಕ್ಷಿಸಿದ. ಎಲ್ಲೆಡೆಯೂ ಸೊನ್ನೆಗೆ ಸಮೀಪ, ಎಲ್ಲವೂ ಸರಿ. ಎರಡು ಶನಿವಾರ ಹೀಗೆಯೇ ಹಾಳಾದವು. ಅನುಮಾನ ಬಂದ ವಸ್ತುವನ್ನು ಬದಲಾಯಿಸುವುದು ರಿಪೇರಿಯಲ್ಲ, ಲಾಟರಿ.

ಮೂರನೆಯ ಶನಿವಾರ ಅವನು ಕೆಲಸವನ್ನು ತಿರುವುಮುರುವಾಗಿ ಮಾಡಿದ. ದೀಪವನ್ನು ಹಚ್ಚಿಯೇ ಇಟ್ಟು, ವಿದ್ಯುತ್ತು ಹರಿಯುತ್ತಿರುವಾಗಲೇ ಒಂದೊಂದು ಕೂಡುಜಾಗದ ಈಚೆಗೂ ಆಚೆಗೂ ವೋಲ್ಟ್ ಮೀಟರಿನ ಕಡ್ಡಿಗಳನ್ನು ಇಟ್ಟ. ಲೋಹದ ವಿಮಾನದಲ್ಲಿ ವಿದ್ಯುತ್ತು ಮರಳಿ ಬರುವ ದಾರಿ ವಿಮಾನದ ಮೈಯೇ. ದೀಪದ ಮರುತಂತಿಯೂ ಟ್ಯಾಂಕಿನ ಸಾಧನದ ಮರುತಂತಿಯೂ ರೆಕ್ಕೆಯ ಬುಡದಲ್ಲಿ ಒಂದೇ ಬೋಲ್ಟಿಗೆ ಸೇರಿದ್ದವು. ಅಲ್ಲಿ ಮೀಟರು ೦.೮ ವೋಲ್ಟ್ ತೋರಿಸಿತು. ದೀಪ ಎಳೆಯುವುದು ೮ ಆಂಪಿಯರು. ಕೂಡುಜಾಗದ ಅಡ್ಡಿ ಓಮಿನ ಹತ್ತನೆಯ ಒಂದು ಪಾಲು. ಓಮ್ ಮೀಟರಿನ ಕಣ್ಣಿಗೆ ಅದು ಏನೂ ಅಲ್ಲ. ಆದರೆ ಆ ೦.೮ ವೋಲ್ಟು ಟ್ಯಾಂಕಿನ ಸಾಧನವನ್ನೂ ತನ್ನೊಡನೆ ಮೇಲಕ್ಕೆತ್ತಿ ಮಾಪಕವನ್ನು ವಂಚಿಸುತ್ತಿತ್ತು. ಬೋಲ್ಟನ್ನು ಮುಟ್ಟಿದ, ಬೆಚ್ಚಗಿತ್ತು. ಬಿಚ್ಚಿ ನೋಡಿದರೆ ಬಳೆಯ ಕೆಳಗೆ ಹಸಿರು ಬಣ್ಣ. ತುಕ್ಕು ಹಿಡಿಯದಿರಲೆಂದು ಅವನೇ ಮುತುವರ್ಜಿಯಿಂದ ಬಳಿದಿದ್ದ ಪ್ರೈಮರು.

ಉಜ್ಜಿ ಹೊಳೆಯುವ ಲೋಹವನ್ನು ಹೊರತಂದು ಬಿಗಿದ. ಟ್ಯಾಂಕಿನ ಸಾಧನಕ್ಕೆ ಪ್ರತ್ಯೇಕವಾದ ಮರುತಂತಿಯನ್ನೂ ಎಳೆದ.

ಇಂಥ ವಿಮಾನದ ಮೊದಲ ಗಂಟೆಗಳಲ್ಲಿ ಪ್ರಯಾಣಿಕರನ್ನು ಕೂರಿಸುವಂತಿಲ್ಲ. ಅವನಿಗೆ ವಿಧಿಸಿದ್ದು ೪೦ ಗಂಟೆ. ಒಂಟಿಯಾಗಿ ಅವನ್ನು ಮುಗಿಸುವ ವೇಳೆಗೆ ಬೇಸಿಗೆ ಕಳೆಯಿತು. ಒಂದು ಹಗಲು, ನೆಲ ಕಾಣುವ ಎತ್ತರದಲ್ಲಿ, ಆಲ್ಟರ್ನೇಟರನ್ನು ಬೇಕೆಂದೇ ಆರಿಸಿ ಕೆಂಪು ದೀಪ ಮಿನುಗುವುದನ್ನು ನೋಡಿ, ಕಿರಿಯ ಪಟ್ಟಿಯ ಮೇಲೆಯೇ ಒಂದು ಗಂಟೆ ಹಾರಿ ಮರಳಿದ.

ನಂತರದ ಭಾನುವಾರ ಸಂಜೆ ಅವಳು ಹತ್ತಿ ಕುಳಿತಳು. ಫಲಕದ ಒಕ್ಕಣೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು, ಪಟ್ಟಿ ಬಿಗಿದುಕೊಂಡಳು. ಅವನು ಕೈ ಚಾಚುವ ಮೊದಲೇ ಇಳಿದಾಣದ ದೀಪದ ಸ್ವಿಚ್ಚನ್ನು ತಾನೇ ಒತ್ತಿ, ಇಂಧನದ ಮುಳ್ಳನ್ನು ದೃಷ್ಟಿಸಿ ನೋಡಿದಳು. ಅದು ಕದಲಲಿಲ್ಲ.

“ಹೊರಡೋಣ” ಎಂದಳು.